ಯಲ್ಲಕ್ಕ ಎತ್ತಿದ ನೀರಪಟ್ಟಿ

ಬೀಳಗಿ ತಾಲೂಕಿನ ಹೊಸ ಸೊನ್ನಿಹಾಳದಲ್ಲಿ ನೀರಿನ ಕಮಿಟಿಗೆ ಅಧ್ಯಕ್ಷೆಯಾಗಲು ಯಲ್ಲಕ್ಕನಿಗಿದ್ದ ಅರ್ಹತೆ ಒಂದೇ: ಆಯ್ಕೆ ನಡೆದ ದಿನ ಆಕೆ ಊರಲ್ಲಿ ಇರಲಿಲ್ಲ. ಟಗರು ಮಾರಲು ಬೀಳಗಿಯ ಸಂತೆಗೆ ಹೋಗಿದ್ದಳು. ನೀರು ಹೊರುವವರು ಹೆಣ್ಣುಮಕ್ಕಳಾದ್ದರಿಂದ ಅಧ್ಯಕ್ಷರೂ ಹೆಣ್ಣುಮಕ್ಕಳೇ ಆಗಲಿ ಎಂದು ತಾಲೂಕಿನಿಂದ ಬಂದಿದ್ದ ಸಾಹೇಬರು ಹೇಳಿದರು. ಕಬ್ಬಿನ ರೈತ ಪಾಂಡಪ್ಪ ತನ್ನ ಹೆಂಡತಿಯ ಹೆಸರು ಸೂಚಿಸಿದ. ಕಿರಾಣಿ ಅಂಗಡಿಯ ಯಮನಪ್ಪ ತನ್ನ ಹೆಂಡತಿಯ ಹೆಸರು ಸೂಚಿಸಿದ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಳ್ಳತೊಡಗಿದಾಗ, ಬೇಡ ಎನ್ನಲು ಅಲ್ಲಿಲ್ಲದ ಯಲ್ಲಕ್ಕನ ಹೆಸರಿಗೆ ಇಬ್ಬರೂ ಕೈ ಎತ್ತಿದರು.

ಸಂಜೆ ಬಸ್ಸಿನಿಂದ ಇಳಿದವಳಿಗೆ ಪಾಂಡಪ್ಪನೇ ಸುದ್ದಿ ಮುಟ್ಟಿಸಿದ. "ಯಲ್ಲಕ್ಕ, ನಿನ್ನ ಅಧ್ಯಕ್ಷರನ್ನ ಮಾಡೇವಿ ನೋಡು."

"ನಾ ಏನ ತಪ್ಪ ಮಾಡೇನಿ ಅಣ್ಣಾ?" ಎಂದಳು ಯಲ್ಲಕ್ಕ.

ಇದು 2004ರ ಮಾತು. ಆಗ ಆಕೆಗೆ ಐವತ್ತರ ಆಸುಪಾಸು. ಮುಧೋಳ ಕಡೆಯ ಕುರುಬರ ಮನೆಯಲ್ಲಿ ಹುಟ್ಟಿ, ನಡೆಯಲು ಕಲಿತ ಮೇಲೆ ಅಪ್ಪನ ಕುರಿಗಳ ಹಿಂದೆಯೇ ನಡೆದವಳು. ಗಿರಮಲ್ಲಪ್ಪನನ್ನು ಮದುವೆಯಾದ ಮೇಲೆ ಗಂಡನ ಕುರಿಗಳ ಹಿಂದೆ ನಡೆದಳು. ಮೊಣಕಾಲು ಹಟ ಮಾಡಲು ಶುರುವಾದ ಮೇಲೆ ಊರಲ್ಲಿ ಉಳಿದಳು. ಗಿರಮಲ್ಲಪ್ಪ ಮಾತ್ರ ದೀಪಾವಳಿ ಮುಗಿದರೆ ಸಾಕು, ಹಿಂಡು ಹೊಡೆದುಕೊಂಡು ಜಮಖಂಡಿ, ಮುಧೋಳದ ಕಡೆ ಹೊರಟುಬಿಡುವನು. ಅಲ್ಲಿನ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಜೋಳ ಪಡೆದು, ಮುಂಗಾರಿಗೆ ಊರಿಗೆ ಬರುವನು. ಹೊಲದಾಚೆಯ ಕುರಿಗಳನ್ನು ಕೂಗಿ ಕೂಗಿ ಯಲ್ಲಕ್ಕನ ಗಂಟಲು ಎಂಥದಾಗಿತ್ತೆಂದರೆ, ಆಕೆ ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳುತ್ತಿತ್ತು.

ಹಳೆಯ ಸೊನ್ನಿಹಾಳ ಕೃಷ್ಣೆಯ ದಂಡೆಯಲ್ಲಿತ್ತು. ಅಲ್ಲಿ ನೀರಿಗೆ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಆಲಮಟ್ಟಿಯ ಹಿನ್ನೀರು ಏರಿ ಊರು ಮುಳುಗಡೆಯಾದ ಮೇಲೆ ಜನ ದಿಬ್ಬದ ಮೇಲಿನ ಹೊಸ ಪ್ಲಾಟುಗಳಿಗೆ ಬಂದರು. ಅಷ್ಟು ನೀರಿಗೆ ಊರು ಕೊಟ್ಟು ಬಂದವರಿಗೆ ಇಲ್ಲಿ ಕುಡಿಯಲು ನೀರಿರಲಿಲ್ಲ. ಸರಕಾರ ಬೋರು ಕೊರೆಸಿತು, ನೀರಿನ ಟಾಕಿ ಕಟ್ಟಿಸಿತು, ಮನೆಮನೆಗೆ ನಳ ಹಾಕಿತು. ಇನ್ನು ಮುಂದೆ ಕರೆಂಟಿನ ಬಿಲ್ಲು, ಮೋಟಾರಿನ ರಿಪೇರಿ, ನೀರು ಬಿಡುವ ಮಾಳುವಿನ ಪಗಾರ ಎಲ್ಲ ಊರವರದೇ ಎಂದು ಹೇಳಿ ಕೈ ಒರೆಸಿಕೊಂಡಿತು. ಅದಕ್ಕೆಂದೇ ಕಮಿಟಿ. ಊರ ಕೆಲಸಕ್ಕೆ ಮನೆಮನೆಯಿಂದ ಎತ್ತುವ ಹಣಕ್ಕೆ ಈ ಕಡೆ ಪಟ್ಟಿ ಎನ್ನುತ್ತಾರೆ. ನೀರಿಗೆ ಪಟ್ಟಿ ಎತ್ತಲೇಬೇಕು ಎಂಬುದನ್ನು ಎಲ್ಲರೂ ಒಪ್ಪಿದರು. ಹೇಗೆ ಎತ್ತುವುದು ಎಂಬಲ್ಲಿ ಮಾತ್ರ ಮನೆಗೊಂದು ಅಭಿಪ್ರಾಯ.

ಹೊಸ ಊರಿನ ಬೇವಿನ ಗಿಡಗಳು ಇನ್ನೂ ಆಳೆತ್ತರ ಇದ್ದುದರಿಂದ ನೆರಳಿಗೆ ಬೀರೇಶ್ವರ ಗುಡಿಯ ಪಡಸಾಲೆಯೇ ಗತಿ. ಅಲ್ಲೇ ಸಭೆ ಸೇರಿತು. ಮೊದಲು ಎದ್ದವನು ಪಾಂಡಪ್ಪ.

"ಮನಿಗೊಂದು ನಳ, ಮನಿಗೊಂದು ಪಟ್ಟಿ. ತಿಂಗಳಿಗೆ ಹತ್ತ ರೂಪಾಯಿ. ಎಲ್ಲಾರೂ ಸಮ. ಇದರಾಗ ದೊಡ್ಡಾಂವ ಸಣ್ಣಾಂವ ಅನ್ನೂದ ಬ್ಯಾಡ."

ಪಾಂಡಪ್ಪನ ಮನೆಯಲ್ಲಿ ಹದಿನೆಂಟು ಜನ, ನಾಲ್ಕು ಎಮ್ಮೆ, ಎರಡು ಜೋಡಿ ಎತ್ತು. ಸಮಾನತೆಯ ಮೇಲೆ ಅವನಿಗೆ ಒಮ್ಮೆಲೇ ಹುಟ್ಟಿದ ಪ್ರೀತಿಯನ್ನು ಜನ ಬೆರಗಿನಿಂದ ನೋಡಿದರು. ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇರುತ್ತಿದ್ದ ಮುದುಕಿ ಹೊಳೆವ್ವ ಕಂಬಕ್ಕೆ ಕೈಯಾನಿಸಿ ಎದ್ದಳು.

"ಎರಡ ಕೊಡದಾಗ ನನ್ನ ದಿನಾ ಮುಗೀತೈತಿ. ಪಾಂಡಪ್ಪನ ಎಮ್ಮಿ ನಿಂತ ನಿಲುವಿನ್ಯಾಗ ಅಷ್ಟ ಕುಡೀತಾವ. ನನಗೂ ಹತ್ತ, ಅವಗೂ ಹತ್ತ ಅಂದ್ರ ಅದ್ಯಾವ ಸಮ?"

"ಬಸ್ಸಿನ್ಯಾಗ ದಪ್ಪನಾಂವಗೂ ಸಣಕನಾಂವಗೂ ಒಂದ ತಿಕೀಟಲ್ಲೇನ ಹೊಳೆವ್ವ?"

"ನೀ ಹದಿನೆಂಟ ಮಂದಿ ಹತ್ತಿಸಿ ಒಂದ ತಿಕೀಟ ತಗೋ, ನೋಡೂಣು."

ಸಭೆ ನಕ್ಕಿತು. ನಕ್ಕ ಮೇಲೆ ಪಾಂಡಪ್ಪನ ಕಡೆಗೇ ಕೈ ಎತ್ತಿತು. ಉಳಿದ ಲೆಕ್ಕ ಯಾವುದೂ ಸುಲಭವಲ್ಲ, ಸುಲಭವಾದದ್ದು ಇದೊಂದೇ ಎಂದು ಯಲ್ಲಕ್ಕನೂ ಒಪ್ಪಿದಳು.

ಹೊಳೆವ್ವ ಮೊದಲ ತಿಂಗಳ ಹತ್ತು ರೂಪಾಯಿಯನ್ನು ತಕರಾರಿಲ್ಲದೆ ಕೊಟ್ಟಳು. ಮರುದಿನದಿಂದ ನಳದ ಮುಂದೆ ಕುಳಿತಳು. ಇದ್ದ ಕೊಡ ತುಂಬಿದವು, ತಪ್ಪೇಲಿ ತುಂಬಿದವು, ಎಲ್ಲಿಂದಲೋ ತಂದ ಬ್ಯಾರಲ್ಲೂ ತುಂಬಿತು. ಬಾಗಿಲ ಮುಂದೆ ಮೆಂತ್ಯ, ಬದನೆ ಹಾಕಿದಳು. ಆಡಿಗೆ ದಿನಾ ಸ್ನಾನ ಮಾಡಿಸಿದಳು. ಧೂಳು ಏಳಬಾರದೆಂದು ರಸ್ತೆಗೂ ನೀರು ಹೊಡೆದಳು. ಕೆಳಗಿನ ಓಣಿಗೆ ಸರದಿ ಬರುವಷ್ಟರಲ್ಲಿ ಟಾಕಿ ಖಾಲಿ. ಯಲ್ಲಕ್ಕ ಕೇಳಲು ಹೋದರೆ ಹೊಳೆವ್ವ, "ನನ್ನ ಹತ್ತ ರೂಪಾಯಿ ಇನ್ನೂ ಮುಗದಿಲ್ಲ ಯಲ್ಲಕ್ಕ," ಎಂದು ಬದನೆ ಗಿಡಕ್ಕೆ ಇನ್ನೊಂದು ತಂಬಿಗೆ ಹಾಕಿದಳು. ಅವಳನ್ನು ನೋಡಿ ಇಡೀ ಓಣಿ ತೋಟಗಾರಿಕೆಗೆ ಇಳಿಯಿತು.

ಎರಡನೆಯ ಸಭೆಯಲ್ಲಿ ಯಮನಪ್ಪ ಎದ್ದ. "ನೀರ ಕುಡಿಯೂದು ಮನಿ ಅಲ್ಲ, ಬಾಯಿ. ಬಾಯಿ ಎಣಸ್ರಿ. ತಲಿಗಿಷ್ಟು ಅಂತ ಹಾಕ್ರಿ." ಯಮನಪ್ಪನ ಮನೆಯಲ್ಲಿ ಗಂಡ ಹೆಂಡತಿ ಎರಡೇ ಬಾಯಿ. ಅಂಗಡಿಯ ಮಗ್ಗುಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿಯುತ್ತಿದ್ದ ಚಹಾದ ಪಾತ್ರೆಗೆ ಬಾಯಿ ಇರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಯಲ್ಲಕ್ಕ ತಲೆ ಎಣಿಸಲು ಹೊರಟಳು. ಆ ಒಂದೇ ದಿನದಲ್ಲಿ ಸೊನ್ನಿಹಾಳದ ಜನಸಂಖ್ಯೆ ಅರ್ಧಕ್ಕೆ ಇಳಿಯಿತು. ಪಾಂಡಪ್ಪ ಬಾಗಿಲಲ್ಲೇ ನಿಂತು, "ನಾವು ಏಳ ಮಂದಿ," ಎಂದ.

"ನಿಮ್ಮ ದೊಡ್ಡ ಮಗಾ?"

"ಅಂವಾ ಸಮೀರವಾಡಿ ಫ್ಯಾಕ್ಟರ್ಯಾಗ ಅದಾನ. ಅವನ ನೀರ ಅಲ್ಲೇ."

"ಹಂಗಾರ ಒಳಗ ಉಣ್ಣಾಕತ್ತಾಂವ ಯಾರು?"

"ಅಂವನ. ಬೀಗರ ಬಂದಂಗ ಬಂದ ಹೋಗತಾನ."

"ಮೊಮ್ಮಕ್ಕಳು?"

"ಸಣ್ಣವು. ಹಾಲ ಕುಡೀತಾವ."

ಯಲ್ಲಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಮುಳುಗಡಿ ಪ್ಲಾಟ ಹಂಚೂ ಮುಂದ ಹಳೇ ಊರ ಮನ್ಯಾಗ ಐದ ಒಲಿ ಹೂಡಿ, ಐದ ಸಂಸಾರ ಅಂತ ತೋರಿಸಿದ್ರಿ ಅಣ್ಣಾ. ಆ ಮಂದಿ ಎಲ್ಲಿ ಹ್ವಾದ್ರು?" ಎಂದು ಕೇಳಿದಳು. ತನ್ನ ಲೆಕ್ಕಕ್ಕೆ ಇದನ್ನು ಮೆಲ್ಲಗೇ ಕೇಳಿದ್ದಳು. ಕೆಳಗಿನ ಓಣಿಯವರು ಕೂಡ ಉತ್ತರಕ್ಕೆ ಕಾದರು. ಪಾಂಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸುಳ್ಳು ಹೇಳಲು ಬಾರದವರಿಗೇ ತಲೆಪಟ್ಟಿ ಹೆಚ್ಚು ಬಿದ್ದಿತು. ಕೆಳಗಿನ ಓಣಿಯಲ್ಲಿ ಆರು ಮಕ್ಕಳಿದ್ದ ಒಬ್ಬ ಕೂಲಿಯವನು ಎಂಟು ತಲೆಯ ಪಟ್ಟಿ ಕೊಟ್ಟ. ಅವನಿಗೆ ಉದ್ರಿ ಕೊಡುವ ಯಮನಪ್ಪ ಎರಡು ತಲೆಯದು ಕೊಟ್ಟ. ಇದನ್ನು ಕಂಡು ಯಲ್ಲಕ್ಕನಿಗೆ ಆ ದಿನ ಊಟ ಸೇರಲಿಲ್ಲ. ಸಭೆಯಲ್ಲಿ ತಲೆಪಟ್ಟಿ ಬೇಡ ಎಂದಳು.

"ಹಂಗಾರ ದನಾ ಕುರಿ ಎಣಸ್ರಿ," ಎಂದ ಯಮನಪ್ಪ. "ಅವರ ಮನ್ಯಾಗ ಎಷ್ಟ ಕುಡಿಯೂ ಜೀವ ಅದಾವೋ ಅಷ್ಟ."

ಹಾಗೆಂದು ಅವನು ಎಮ್ಮೆಗಳ ಒಡೆಯ ಪಾಂಡಪ್ಪನ ಕಡೆ ನೋಡಿದ್ದ. ಸಭೆಯ ಉಳಿದವರೆಲ್ಲ ಯಲ್ಲಕ್ಕನ ಕಡೆ ನೋಡಿದರು. ಊರಲ್ಲಿ ನೂರರ ಮೇಲೆ ಕುರಿ ಇದ್ದದ್ದು ಆಕೆಯ ಮನೆಯಲ್ಲಿ ಮಾತ್ರ. ಯಲ್ಲಕ್ಕ ಸೆರಗು ಸರಿ ಮಾಡಿಕೊಂಡಳು. "ಎಣಸ್ರಿ," ಎಂದಳು.

ಮುಂಗಾರಿಗೆ ಹಿಂಡಿನೊಂದಿಗೆ ಬಂದ ಗಿರಮಲ್ಲಪ್ಪನಿಗೆ ಸುದ್ದಿ ಊರ ಹೊರಗೇ ಸಿಕ್ಕಿತು. ಕಂಬಳಿ ಕೂಡ ಇಳಿಸದೆ ಹೆಂಡತಿಯ ಮುಂದೆ ನಿಂತ.

"ಕುರಿಗೆ ಪಟ್ಟಿ ಹಾಕಿದಾಕಿ ಯಾರು?"

"ಕಮಿಟಿ."

"ಕಮಿಟಿ ಅಂದ್ರ ಯಾರು?"

"ನಾನ. ಅವು ಕುಡೀತಾವೋ ಇಲ್ಲೋ ಹೇಳ್ರಿ ಮೊದಲ."

"ನಾಕ ತಿಂಗಳ ಕುಡೀತಾವ. ಉಳದ ತಿಂಗಳ ಮುಧೋಳ ಕಡೆ ಕಾಲುವಿ ನೀರ ಕುಡೀತಾವ. ಅಲ್ಲಿಯವ್ರು ಇಲ್ಲೀತನಕಾ ನನ್ನ ಒಂದ ಪೈಸಾ ಕೇಳಿಲ್ಲ."

"ಹಂಗಾರ ನಾಕ ತಿಂಗಳದ್ದ ಕೊಡ್ರಿ."

"ಕೊಡ್ತೇನಿ. ಅವುಗಳ ಹಿಕ್ಕಿ ಗೊಬ್ಬರಾಗಿ ಊರ ಹೊಲಕ್ಕ ಹೋಗತೈತಲ್ಲ, ಅದರ ರೊಕ್ಕಾ ಊರ ನನಗ ಕೊಡ್ಲಿ."

ಈ ಮಾತಿನಲ್ಲಿ ನ್ಯಾಯವಿತ್ತು, ಹೇಳಿದವನು ಗಂಡನಾಗಿದ್ದ. ಎರಡೂ ಒಟ್ಟಿಗೆ ಬಂದದ್ದು ಯಲ್ಲಕ್ಕನಿಗೆ ಹೊಸದು.

ಮರುದಿನದಿಂದ ಗಿರಮಲ್ಲಪ್ಪ ಕುರಿಗಳನ್ನು ದನಕರು ನೀರು ಕುಡಿಯುವ ಊರ ಕಲ್ಲುದೋಣಿಗೆ ಬಿಡದೆ ದಿಬ್ಬ ಇಳಿಸಿ ಹಿನ್ನೀರಿಗೆ ಹೊಡೆದುಕೊಂಡು ಹೋದ. ಊರ ನೀರು ಕುಡಿಯದ ಮೇಲೆ ಪಟ್ಟಿ ಎಲ್ಲಿಯದು? ಇದು ಜನರಿಗೆ ಹೊಳೆದಿರಲಿಲ್ಲ. ವಾರದೊಳಗೆ ಊರ ದನಗಳೆಲ್ಲ ಹಿನ್ನೀರಿನ ದಾರಿ ಹಿಡಿದವು. ಟಾಕಿ ತುಂಬಿ ಚೆಲ್ಲುತ್ತಿತ್ತು, ಕಮಿಟಿಯ ಕೈಯಲ್ಲಿ ಕಾಸಿರಲಿಲ್ಲ. ಪಗಾರ ಕಾಣದ ಮಾಳು ಮೋಟಾರಿನ ಮನೆಗೆ ಕೀಲಿ ಹಾಕಿ ಗುಡಿಯ ಮುಂದೆ ಬಂದು ಕುಳಿತ. "ಊರಾಗ ಎಲ್ಲಾರ ಬಾಯಿ ಎಣಸಿದ್ರಿ. ನನಗೂ ಒಂದ ಬಾಯಿ ಐತ್ರಿ," ಎಂದ.

ಹಿನ್ನೀರು ಆಗ ಇಳಿದು ದಂಡೆಯುದ್ದಕ್ಕೂ ರಾಡಿ ಬಿದ್ದಿತ್ತು. ಒಂದು ಮಧ್ಯಾಹ್ನ ಪಾಂಡಪ್ಪನ ಎಮ್ಮೆ, ಮನೆಗೆ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವಂಥದು, ಹೊಟ್ಟೆಯವರೆಗೆ ಆ ರಾಡಿಯಲ್ಲಿ ಹೂತುಹೋಯಿತು. ಎಳೆದಷ್ಟೂ ಇಳಿಯಿತು. ಕೂಗು ಕೇಳಿ ಊರೇ ದಿಬ್ಬ ಇಳಿದು ಬಂತು. ಗಿರಮಲ್ಲಪ್ಪ ತನ್ನ ಕಂಬಳಿಯನ್ನು ಎಮ್ಮೆಯ ಹೊಟ್ಟೆಯ ಕೆಳಗೆ ತೂರಿಸಿ ಹಗ್ಗ ಬಿಗಿದ. ಎಲ್ಲರೂ ಕೂಡಿ ಜಗ್ಗಿದರು. ಎಮ್ಮೆ ಒಮ್ಮೆಲೇ ಹೊರಬಂದಾಗ ಜಗ್ಗಿದವರೆಲ್ಲ ರಾಡಿಯಲ್ಲಿ ಮಲಗಿದರು. ಎದ್ದಾಗ ಯಾರು ಪಾಂಡಪ್ಪ, ಯಾರು ಕೂಲಿಯವನು ಎಂದು ಗುರುತು ಹತ್ತುವಂತಿರಲಿಲ್ಲ.

ಯಲ್ಲಕ್ಕ ಆ ಸಮಯವನ್ನು ಬಿಡಲಿಲ್ಲ. ಎಲ್ಲರೂ ರಾಡಿ ಒರೆಸಿಕೊಳ್ಳುತ್ತ ನಿಂತಿದ್ದಾಗ ದಂಡೆಯ ಮೇಲೆಯೇ ಸಭೆ ಶುರು ಮಾಡಿದಳು.

"ನಮ್ಮ ಮನಿ ಬಗ್ಗೆ ಕೇಳಿದ್ರ ಯಾರೂ ಖರೆ ಹೇಳೂದಿಲ್ಲ. ಮಂದಿ ಮನಿದು ಮಾತ್ರ ಎಲ್ಲಾ ಖರೆ ನಮಗ ಗೊತ್ತಿರತೈತಿ. ಅದಕ್ಕ ಮ್ಯಾಲಿನ ಓಣಿಯವ್ರು ಕೆಳಗಿನ ಓಣಿ ಮನಿ ತಾಕತ್ತ ಹೇಳ್ರಿ, ಕೆಳಗಿನವ್ರು ಮ್ಯಾಲಿನವ್ರದ ಹೇಳ್ರಿ. ತಾಕತ್ತ ಇದ್ದಾವ್ರಿಗೆ ದೊಡ್ಡ ಪಟ್ಟಿ, ಇಲ್ಲದಾವ್ರಿಗೆ ಸಣ್ಣ ಪಟ್ಟಿ, ನಡಬರಕಿನವ್ರಿಗೆ ನಡು ಪಟ್ಟಿ."

"ಅವ್ರು ಬೇಕಂತ ನಮಗೆಲ್ಲಾರಿಗೂ ದೊಡ್ಡದ ಹಾಕಿದ್ರ?" ಎಂದ ಪಾಂಡಪ್ಪ.

"ನೀವೂ ಅವ್ರಿಗೆ ಹಂಗ ಹಾಕ್ತೀರಿ. ಅದು ಅವ್ರಿಗೂ ಗೊತ್ತೈತಿ."

ಎರಡೂ ಓಣಿಯವರು ಒಬ್ಬರನ್ನೊಬ್ಬರು ನೋಡಿದರು. ಅಂಜಿಕೆ ಎರಡೂ ಕಡೆ ಸಮನಾಗಿ ಇದ್ದುದರಿಂದ ಕೆಲಸ ಸಾಕಷ್ಟು ನೆಟ್ಟಗೆ ನಡೆಯಿತು. ಪಾಂಡಪ್ಪನಿಗೆ ದೊಡ್ಡ ಪಟ್ಟಿ ಬಿತ್ತು. ಯಲ್ಲಕ್ಕನಿಗೂ ದೊಡ್ಡದೇ. ಗಿರಮಲ್ಲಪ್ಪ ಮೂರು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮುಧೋಳದ ಸಂತೆಯಲ್ಲಿ ಒಬ್ಬ ಪರಿಚಯದವನಿಗೆ, "ನಮ್ಮೂರಾಗ ದೊಡ್ಡ ಪಟ್ಟಿ ಕೊಡೂ ಮನಿಗೊಳು ನಾಕ. ನಮ್ಮದೂ ಒಂದ," ಎಂದು ಹೇಳುತ್ತಿದ್ದುದನ್ನು ಊರವರು ಕೇಳಿಸಿಕೊಂಡರು.

ಪಾಂಡಪ್ಪ ಜಗಳಕ್ಕೆ ಸಜ್ಜಾಗಿಯೇ ಇದ್ದ. ಅಷ್ಟರಲ್ಲಿ ಅವನ ಸಣ್ಣ ಮಗನಿಗೆ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯ ಮನೆಯಿಂದ ಹೆಣ್ಣಿನ ಮಾತು ಬಂತು. ಹೆಣ್ಣಿನ ಅಪ್ಪ ಮೊದಲು ಚಹಾದ ಅಂಗಡಿಯಲ್ಲಿ ಕುಳಿತು, ಮನೆತನ ಹೇಗೆ ಎಂದು ವಿಚಾರಿಸಿದ. ಅಲ್ಲಿದ್ದವರು, "ದೊಡ್ಡ ಪಟ್ಟಿ ಮನೆತನರಿ," ಎಂದರು. ಅಷ್ಟು ಸಾಕಾಯಿತು. ಆ ಮೇಲೆ ಪಾಂಡಪ್ಪ ಪಟ್ಟಿಯನ್ನು ಯಾರೂ ಕೇಳುವ ಮೊದಲೇ ಕೊಡತೊಡಗಿದ, ಅದೂ ಗುಡಿಯ ಮುಂದೆ ಜನ ಇರುವ ಹೊತ್ತು ನೋಡಿ.

ಯಮನಪ್ಪ ಮಾತ್ರ ಕೆಳಗಿನ ಓಣಿಯವರ ಮುಂದೆ ಕೈ ಮುಗಿದು, ಉದ್ರಿಯಲ್ಲಿ ಮುಳುಗಿಹೋದೆ, ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ ಎಂದು ಹೇಳಿಕೊಂಡ. ಉದ್ರಿ ಬಾಕಿ ಇದ್ದವರೆಲ್ಲ ಅವರೇ ಆದ್ದರಿಂದ ಹೆಚ್ಚು ಮಾತಾಡದೆ ಸಣ್ಣ ಪಟ್ಟಿ ಹಾಕಿದರು. ಮರುದಿನ ಬೆಳಿಗ್ಗೆ ಹೊಳೆವ್ವ ಎರಡು ರೊಟ್ಟಿ, ಬದನೆ ಪಲ್ಯ ಹಿಡಿದುಕೊಂಡು ಅವನ ಬಾಗಿಲಿಗೆ ಬಂದಳು. "ಒಲಿ ಹೊತ್ತಿಲ್ಲಂತಲ್ಲಪ್ಪ. ತಗೋ, ಉಣ್ಣು." ಅವಳ ಹಿಂದೆ ಮತ್ತೊಬ್ಬಳು ಮಜ್ಜಿಗೆ ತಂದಳು. ಮೂರನೆಯವಳು ಹಳೆಯ ಸೀರೆ ತಂದು ಯಮನಪ್ಪನ ಹೆಂಡತಿಗೆ ಕೊಟ್ಟಳು. ಯಲ್ಲಕ್ಕ ಒಂದು ಸೇರು ಜೋಳದೊಂದಿಗೆ ಕೊನೆಗೆ ಬಂದಳು. ಹೆಂಡತಿ ಸೀರೆಯನ್ನು ಗಂಡನ ತೊಡೆಯ ಮೇಲೆ ಎಸೆದು, "ಇವತ್ತ ಹೋಗಿ ದೊಡ್ಡ ಪಟ್ಟಿ ಮಾಡಿಸ್ಕೊಂಡ ಬರ್ರಿ. ಇಲ್ಲಾಂದ್ರ ನಾ ತವರಮನಿಗೆ ಹೊಂಟೆ," ಎಂದಳು.

ಹೊಳೆವ್ವನಿಗೆ ಊರವರು ಪಟ್ಟಿಯನ್ನೇ ಮಾಫಿ ಮಾಡಿದ್ದರು. ಆಕೆ ಸಂತೋಷಪಡುವಳೆಂದು ಎಲ್ಲರೂ ಎಣಿಸಿದ್ದರು. ಆಕೆ ಸಿಟ್ಟಿಗೆದ್ದಳು.

"ಮಾಫಿ ಯಾಕ? ನಾ ಏನ ಸತ್ತೇನೇನು? ಎರಡ ರೂಪಾಯಿ ಬರಕೋ."

"ಬ್ಯಾಡ ಅತ್ತಿ, ಇರಲಿ," ಎಂದಳು ಯಲ್ಲಕ್ಕ.

"ನಾಳಿ ನೀರ ಬರಲಿಲ್ಲಂದ್ರ ಮಾಳೂಗ ನಾ ಯಾವ ಬಾಯಿಲೆ ಬೈಲಿ?"

ಎರಡು ರೂಪಾಯಿಗೆ ಹೊಳೆವ್ವ ಬೈದಷ್ಟು ದೊಡ್ಡ ಪಟ್ಟಿಯವರೂ ಬೈಯಲಿಲ್ಲ ಎಂದು ಮಾಳು ಹೇಳುತ್ತಿದ್ದ.

ಎರಡು ವರ್ಷ ಹೀಗೆ ನಡೆಯಿತು. ಯಲ್ಲಕ್ಕನಿಗೆ ತನ್ನ ಪಟ್ಟಿಯ ಬಗ್ಗೆ ಸ್ವಲ್ಪ ಹೆಮ್ಮೆಯೇ ಬಂದಿತ್ತು. ಆ ಚಳಿಗಾಲ ಗಂಡನಿಗೆ ಬುತ್ತಿ ಕಟ್ಟಿಕೊಂಡು ಮುಧೋಳದ ಆಚೆ ಕುರಿ ತರುಬಿದ್ದ ಹೊಲಕ್ಕೆ ಹೋದಳು. ಪಕ್ಕದ ಎಳೆಗಬ್ಬಿನಲ್ಲಿ ಕೂಲಿಯ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಸ ತೆಗೆಯುತ್ತಿದ್ದರು. ಕೊನೆಯ ಸಾಲಿನಲ್ಲಿದ್ದವಳು ಆಕೆಯನ್ನು ಕಂಡು ಮುಖದ ಮೇಲೆ ಸೆರಗೆಳೆದುಕೊಂಡಳು. ಯಲ್ಲಕ್ಕ ಹತ್ತಿರ ಹೋದಳು. ಸಾವಿತ್ರೆವ್ವ.

ಸಾವಿತ್ರೆವ್ವ ಮೇಲಿನ ಓಣಿಯವಳು. ಸೊನ್ನಿಹಾಳದಲ್ಲಿ ಗುಲಾಬಿ ಬಣ್ಣದ ಮೊದಲ ಆರ್‌ಸಿಸಿ ಮನೆ ಅವಳದು. ಅದನ್ನು ನೋಡಿಯೇ ಕೆಳಗಿನ ಓಣಿಯವರು ದೊಡ್ಡ ಪಟ್ಟಿ ಹಾಕಿದ್ದರು. ಅವಳು ಒಂದು ಮಾತೂ ಆಡದೆ ತಿಂಗಳು ತಿಂಗಳು ಕೊಡುತ್ತಿದ್ದಳು. ವಾರದಲ್ಲಿ ಐದಾರು ದಿನ ಮುಂಜಾನೆಯ ಬಸ್ಸಿಗೆ ಹೊರಟರೆ, ಅಕ್ಕನ ಮನೆಗೆ ಎನ್ನುತ್ತಿದ್ದಳು.

ಇಬ್ಬರೂ ಬದುವಿನ ಮೇಲೆ ಕುಳಿತರು. ಯಲ್ಲಕ್ಕ ಬುತ್ತಿ ಬಿಚ್ಚಿದಳು.

"ಹೊಲಾ ಎಲ್ಲಾ ನೀರಾಗ ಹೋತು," ಎಂದಳು ಸಾವಿತ್ರೆವ್ವ. "ಪರಿಹಾರದ ರೊಕ್ಕಾ ನಮ್ಮ ಮನಿಯವ್ರು ಈ ಮನಿ ಕಟ್ಟಾಕ ಹಾಕಿದ್ರು. ಮನಿ ಮುಗದ ವರ್ಷಕ್ಕ ಅವ್ರೂ ತೀರಿಕೊಂಡ್ರು. ಗ್ವಾಡಿ ಅದಾವ ಯಕ್ಕಾ. ಗ್ವಾಡಿ ತಿನ್ನಾಕ ಬರ್ತಾವೇನು?"

"ಸಭಾದಾಗ ಹೇಳಬೇಕಿತ್ತಲ್ಲ ತಂಗಿ."

"ಏನಂತ ಹೇಳ್ಲಿ? ಮಗಳ ಲಗ್ನ ಇನ್ನೂ ಆಗಬೇಕು. ನೀನೂ ಊರಾಗ ಹೇಳಬ್ಯಾಡ."

ಯಲ್ಲಕ್ಕ ಹೇಳುವುದಿಲ್ಲ ಎಂದಳು. ವಾಪಸು ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತ ಕುಳಿತಳು. ಮಂದಿಯ ಮನೆಯ ಖರೆ ಎಲ್ಲರಿಗೂ ಗೊತ್ತಿರುತ್ತದೆ ಎಂದು ಊರ ಮುಂದೆ ಹೇಳಿದವಳು ತಾನೇ. ಗೊತ್ತಿದ್ದದ್ದು ಗೋಡೆಯ ಬಣ್ಣ ಮಾತ್ರ.

ಮುಂದಿನ ಸಭೆಯಲ್ಲಿ, ಸಾವಿತ್ರೆವ್ವನದು ಇನ್ನು ಸಣ್ಣ ಪಟ್ಟಿ ಎಂದು ಯಲ್ಲಕ್ಕ ಹೇಳಿದಳು.

"ಯಾಕ?" ಎಂದ ಯಮನಪ್ಪ. "ಗುಲಾಬಿ ಬಂಗ್ಲೆಯಾಕಿಗೆ ಸಣ್ಣದ, ನನಗ ದೊಡ್ಡದ ಏನು?"

"ಕಾರಣ ಐತಿ. ನಾ ಹೇಳೂದಿಲ್ಲ."

ಯಲ್ಲಕ್ಕ ಹೇಳದಿರುವ ಮಾತೊಂದು ಇದೆ ಎಂಬುದೇ ಊರಿಗೆ ದೊಡ್ಡ ಸುದ್ದಿ. ಸಾವಿತ್ರೆವ್ವ ಹಿಂದೆ ತಲೆ ತಗ್ಗಿಸಿ ಕುಳಿತಿದ್ದಳು. ಪಾಂಡಪ್ಪ ಒಮ್ಮೆ ಅವಳ ಕಡೆ, ಒಮ್ಮೆ ಯಲ್ಲಕ್ಕನ ಕಡೆ ನೋಡಿದ.

"ಈಕಿ ಇಷ್ಟ ಸಣ್ಣ ದನೀಲೆ ಮಾತಾಡಿದ್ದ ನಾ ಕೇಳೇ ಇಲ್ಲ," ಎಂದ. "ಏನರೆ ಇರಬೇಕು. ಬಿಡ್ರಿ. ಕಮ್ಮಿ ಬಿದ್ದದ್ದ ನಾವು ದೊಡ್ಡ ಪಟ್ಟಿಯವ್ರು ಹಂಚಿಕೊಳ್ಳೂಣು."

ಅಂದಿನಿಂದ ಒಂದು ಹೊಸ ರೂಢಿ ಬಂತು. ಯುಗಾದಿಯ ಮುಂಚೆ, ಪಟ್ಟಿ ಬದಲಾಗಬೇಕು ಎನ್ನುವವರು ಯಲ್ಲಕ್ಕನ ಮನೆಗೆ ಒಬ್ಬೊಬ್ಬರೇ ಬಂದು ಹೇಳಬಹುದು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಮೊದಲ ವರ್ಷ ಮೂವರು ಬಂದರು. ಇಬ್ಬರ ಕಷ್ಟ ಖರೆಯೇ ಆಗಿತ್ತು. ಮೂರನೆಯವನು ಯಮನಪ್ಪ. "ಒಳಗಿಂದೊಳಗ ಸಣ್ಣ ಪಟ್ಟಿ ತಗೋ ಯಲ್ಲಕ್ಕ, ಹೊರಗ ದೊಡ್ಡ ಪಟ್ಟಿ ಅಂತನ ಇರಲಿ," ಎಂದು ಕೇಳಿಕೊಂಡ. ಯಲ್ಲಕ್ಕ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಆದರೆ ಅವನಿಗೆ ಬೈದದ್ದು ಎರಡೂ ಓಣಿಗೆ ಕೇಳಿಸಿತು.

ಏಳು ವರ್ಷ ಪಟ್ಟಿ ಎತ್ತಿದ ಮೇಲೆ, 2011ರಲ್ಲಿ, ಮೊಣಕಾಲು ಇನ್ನು ಮನೆಮನೆ ಸುತ್ತಲಾರವು ಎಂದು ಯಲ್ಲಕ್ಕ ಬಿಟ್ಟುಕೊಟ್ಟಳು. ಮುಂದಿನ ಅಧ್ಯಕ್ಷೆಯಾಗಿ ಸಾವಿತ್ರೆವ್ವನ ಹೆಸರನ್ನು ಸೂಚಿಸಿದವಳೂ ಆಕೆಯೇ. ಅಷ್ಟರಲ್ಲಿ ಸಾವಿತ್ರೆವ್ವನ ಮಗಳ ಮದುವೆ ಬನಹಟ್ಟಿಯ ನೇಕಾರರ ಮನೆಗೆ ಆಗಿತ್ತು, ತಾಯಿ ಕೂಲಿಗೆ ಹೋಗುವುದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಗಿರಮಲ್ಲಪ್ಪನೂ ಆ ವರ್ಷ ಸುತ್ತಾಟ ಸಾಕೆಂದು ಹಿಂಡಿನ ಮುಕ್ಕಾಲು ಪಾಲನ್ನು ಮಾರಿದ. ಯುಗಾದಿಗೆ ಸಾವಿತ್ರೆವ್ವ ಅವನ ಮನೆಯನ್ನು ನಡು ಪಟ್ಟಿಗೆ ಇಳಿಸಿದಳು. ಸುದ್ದಿ ತಿಳಿದ ಗಿರಮಲ್ಲಪ್ಪ ರುಮಾಲು ಸುತ್ತಿಕೊಂಡು, ದೊಡ್ಡ ಪಟ್ಟಿಯ ಹಣವನ್ನೇ ಹಿಡಿದು ಅವಳ ಬಾಗಿಲಿಗೆ ಹೋದ.

"ಇದೇನವ್ವಾ, ನಮ್ಮ ಮನಿ ಇಳಿಸೀಯಂತ?"

"ಕುರಿ ಎಷ್ಟ ಉಳದಾವ ಮಾವಾ?"

"ಕುರಿ ಹ್ವಾದ್ರ ಏನಾತು? ಮನಿತನ ಐತಲ್ಲ."

"ಮನಿತನ ನೀರ ಕುಡಿಯೂದಿಲ್ಲ ಮಾವಾ," ಎಂದಳು ಸಾವಿತ್ರೆವ್ವ, ನಡು ಪಟ್ಟಿಯ ಹಣ ತೆಗೆದುಕೊಂಡು ಉಳಿದ ಚಿಲ್ಲರೆಯನ್ನು ಅವನ ಕೈಗೆ ತಿರುಗಿ ಕೊಡುತ್ತ.

ಗಿರಮಲ್ಲಪ್ಪ ಚಿಲ್ಲರೆ ಹಿಡಿದು ಮನೆಗೆ ಬಂದು ಹೆಂಡತಿಯ ಮುಂದೆ ದೂರು ಹೇಳಿದ. ಯಲ್ಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿ, ಕೈ ತೊಳೆದುಕೊಂಡು ಊಟಕ್ಕೆ ಬರ್ರಿ ಎಂದಳು.